ವಿಎಫ್‌ಡಿ ಸಾಕಾ, ಸರ್ವೋ ಬೇಕಾ? ಭೋಸರಿಯ ಶೆಡ್ಡಿನಿಂದ ಒಂದು ಲೆಕ್ಕ

ಗುರುವಾರ ಬಂತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಭೋಸರಿ, ಪಿಂಪ್ರಿ, ಚಿಂಚವಾಡದ ಕಾರ್ಖಾನೆಗಳಿಗೆ ಗುರುವಾರವೇ ವಾರದ ಸೂಟಿ. ಅವತ್ತು ಮಶೀನು ನಿಂತಿರುತ್ತದೆ, ಮಾಲೀಕರ ತಲೆ ಓಡುತ್ತಿರುತ್ತದೆ. ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಪುಣೆಗೆ ಬಂದು ಸಣ್ಣ ಶೆಡ್ ಹಾಕಿಕೊಂಡವರು ಇಲ್ಲಿ ಬಹಳ ಮಂದಿ. ವಾರವಿಡೀ ಮರಾಠಿ, ಹಿಂದಿಯಲ್ಲಿ ವ್ಯವಹಾರ. ಈ ಒಂದು ದಿನ ಕನ್ನಡದಲ್ಲಿ ಸಮಾಧಾನವಾಗಿ ಕೇಳುತ್ತಾರೆ: "ಹೊಸ ಮಶೀನಿಗೆ ಸರ್ವೋ ಹಾಕಿಸೋದಾ, ವಿಎಫ್‌ಡಿ ಸಾಕಾ?" ಎರಡೂ ಮೋಟರ್ ಓಡಿಸುವ ಎಲೆಕ್ಟ್ರಾನಿಕ್ ಡ್ರೈವ್‌ಗಳು. ವಿಎಫ್‌ಡಿ (ವೇರಿಯಬಲ್ ಫ್ರೀಕ್ವೆನ್ಸಿ ಡ್ರೈವ್) ಮಾಮೂಲಿ ಮೋಟರಿನ ವೇಗ ಬದಲಿಸುತ್ತದೆ, ಸರ್ವೋ ತನ್ನದೇ ಮೋಟರನ್ನು ಹೇಳಿದ ಜಾಗಕ್ಕೆ ತಿರುಗಿಸಿ ನಿಲ್ಲಿಸುತ್ತದೆ.

"ಕೆಲಸ ಏನು?" ಎಂದು ಕೇಳಿದರೆ ಹೆಚ್ಚಿನವರು ಎಚ್‌ಪಿ ಹೇಳುತ್ತಾರೆ. "ಎರಡು ಎಚ್‌ಪಿ ಸರ್." ಅಷ್ಟರಿಂದ ಏನೂ ತಿಳಿಯುವುದಿಲ್ಲ. ಎರಡು ಎಚ್‌ಪಿಯ ಎಕ್ಸಾಸ್ಟ್ ಫ್ಯಾನೂ ಇದೆ, ಎರಡು ಎಚ್‌ಪಿಯ ಪೌಚ್ ಪ್ಯಾಕಿಂಗ್ ಮಶೀನೂ ಇದೆ. ಅದಕ್ಕೇ ನಾನು ಒಂದು ಹಾಳೆ ತೆಗೆದುಕೊಳ್ಳಲು ಹೇಳುತ್ತೇನೆ. ಅಡ್ಡಕ್ಕೆ ಸಮಯ, ಉದ್ದಕ್ಕೆ ವೇಗ. ಒಂದು ಪೀಸ್ ಆಗುವಷ್ಟರಲ್ಲಿ ಮೋಟರ್ ಎಷ್ಟು ಸಲ ಹೊರಟಿತು, ಎಷ್ಟು ಹೊತ್ತು ಒಂದೇ ವೇಗದಲ್ಲಿ ಓಡಿತು, ಎಷ್ಟು ಸಲ ನಿಂತಿತು? ಗೆರೆ ಎಳೆದು ವಾಟ್ಸಾಪ್ ಮಾಡಿ ಅನ್ನುತ್ತೇನೆ. ಆ ಗೆರೆ ಬಹುಪಾಲು ಸಪಾಟಾಗಿದ್ದರೆ ವಿಎಫ್‌ಡಿ. ಗರಗಸದ ಹಲ್ಲಿನ ಹಾಗೆ ಏರುತ್ತಾ ಇಳಿಯುತ್ತಾ ಇದ್ದರೆ ಸರ್ವೋ. ಇದು ಯಾಕೆ ಹೀಗೆ ಅನ್ನುವುದು ತಿಳಿದರೆ ಡೀಲರ್ ಹೇಳಿದ್ದನ್ನೆಲ್ಲ ನಂಬುವ ಪ್ರಸಂಗ ಬರುವುದಿಲ್ಲ.

ವಿಎಫ್‌ಡಿ ಒಳಗೆ ಏನು ನಡೆಯುತ್ತದೆ

ನಮ್ಮ ಶೆಡ್ಡುಗಳಲ್ಲಿ ಓಡುವ ಮಾಮೂಲಿ ಮೋಟರ್ ಇಂಡಕ್ಷನ್ ಮೋಟರ್. ನಿಕೋಲಾ ಟೆಸ್ಲಾ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1888ರಲ್ಲಿ. ಇವತ್ತಿಗೂ ಇದನ್ನು ಮೀರಿಸುವ ಗಟ್ಟಿ ಮೋಟರ್ ಇಲ್ಲ ಎಂದೇ ನನ್ನ ಅಭಿಪ್ರಾಯ. ಇದರ ವೇಗವನ್ನು ಕರೆಂಟಿನ ಫ್ರೀಕ್ವೆನ್ಸಿ ತೀರ್ಮಾನಿಸುತ್ತದೆ. 120ನ್ನು ಫ್ರೀಕ್ವೆನ್ಸಿಯಿಂದ ಗುಣಿಸಿ, ಪೋಲುಗಳ (ಮೋಟರಿನೊಳಗಿನ ಕಾಂತಧ್ರುವಗಳ) ಸಂಖ್ಯೆಯಿಂದ ಭಾಗಿಸಿ. 50 ಹರ್ಟ್ಜ್, ನಾಲ್ಕು ಪೋಲ್ ಆದರೆ 1500 ಆರ್‌ಪಿಎಂ. ಆದರೆ ನೇಮ್‌ಪ್ಲೇಟ್ ನೋಡಿದರೆ 1440 ಅಥವಾ ಹತ್ತಿರದ ಯಾವುದೋ ಅಂಕಿ ಇರುತ್ತದೆ. ಸ್ಟೇಟರಿನ (ಅಲುಗಾಡದ ಹೊರಭಾಗದ) ಕಾಂತಕ್ಷೇತ್ರ 1500ರಲ್ಲಿ ಸುತ್ತುತ್ತಿದ್ದರೆ ರೋಟರ್ (ತಿರುಗುವ ಒಳಭಾಗ) ಅದರ ಹಿಂದೆ ಸ್ವಲ್ಪ ಜಾರುತ್ತಾ ಓಡುತ್ತದೆ. ಇದನ್ನೇ ಸ್ಲಿಪ್ ಅನ್ನುವುದು. ಲೋಡ್ ಜಾಸ್ತಿಯಾದರೆ ಸ್ಲಿಪ್ಪೂ ಜಾಸ್ತಿ. ಈ ಜಾರುವಿಕೆ ಇಲ್ಲದಿದ್ದರೆ ರೋಟರಿನಲ್ಲಿ ಕರೆಂಟೇ ಹುಟ್ಟುವುದಿಲ್ಲ, ಮೋಟರಿಗೆ ಬಲವೂ ಇರುವುದಿಲ್ಲ. ಹಾಗಾಗಿ ಅದು ದೋಷವಲ್ಲ, ಅದರ ಸ್ವಭಾವ.

ವಿಎಫ್‌ಡಿ ಮಾಡುವ ಕೆಲಸ ಇಷ್ಟೇ: ನಮಗೆ ಬೇಕಾದ ಫ್ರೀಕ್ವೆನ್ಸಿಯನ್ನು ತಾನೇ ತಯಾರಿಸಿ ಕೊಡುವುದು. ಮೂರು ಫೇಸ್ 415 ವೋಲ್ಟನ್ನು ಮೊದಲು ಡಿಸಿ ಮಾಡಿಕೊಳ್ಳುತ್ತದೆ. ಒಳಗಿನ ಕೆಪಾಸಿಟರ್ ಬ್ಯಾಂಕಿನಲ್ಲಿ ಸುಮಾರು 587 ವೋಲ್ಟ್ ಡಿಸಿ ನಿಂತಿರುತ್ತದೆ, ಇದನ್ನೇ ಡಿಸಿ ಬಸ್ ಅನ್ನುವುದು. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಲ ನಿಮಿಷ ಅದು ಇರುತ್ತದೆ. ತಕ್ಷಣ ಕವರ್ ತೆರೆದು ಕೈ ಹಾಕಬೇಡಿ. ಆ ಡಿಸಿಯನ್ನು ಐಜಿಬಿಟಿ ಎಂಬ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸಿ, ಮೋಟರಿಗೆ ಎಸಿ ಅನ್ನಿಸುವ ಹಾಗೆ ಜೋಡಿಸಿ ಕೊಡುತ್ತವೆ. ಮುಂಬೈ ಲೋಕಲ್‌ನ ಹೊಸ ರೇಕ್ ಹೊರಡುವಾಗ ಸ್ವರ ಏರಿಸಿದ ಹಾಗೆ ಒಂದು ಶಿಳ್ಳೆ ಕೇಳುತ್ತದೆ, ಅಲ್ವಾ? ಅದು ಈ ಕತ್ತರಿಸುವ ಸದ್ದು. ನಿಮ್ಮ ಶೆಡ್ಡಿನ ಡ್ರೈವ್ ಹಾಕುವ ಶಿಳ್ಳೆಯೂ ಅದೇ ಜಾತಿಯದು.

ಫ್ರೀಕ್ವೆನ್ಸಿ ಇಳಿಸಿದಾಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು. 415 ಭಾಗಿಸು 50, ಅಂದರೆ ಹರ್ಟ್ಜಿಗೆ 8.3 ವೋಲ್ಟ್. 25 ಹರ್ಟ್ಜಿಗೆ ಸುಮಾರು 207 ವೋಲ್ಟ್. ಇಳಿಸದಿದ್ದರೆ ಮೋಟರ್ ಕರೆಂಟನ್ನು ಸುಮ್ನೆ ಹೀರಿ ಬಿಸಿಯಾಗುತ್ತದೆ. 50 ಹರ್ಟ್ಜ್ ದಾಟಿದ ಮೇಲೆ ಕೊಡಲು ವೋಲ್ಟೇಜೇ ಉಳಿದಿರುವುದಿಲ್ಲ. ಆದ್ದರಿಂದ ವೇಗ ಸಿಗುತ್ತದೆ, ಬಲ ಕಡಿಮೆಯಾಗುತ್ತದೆ. 75 ಹರ್ಟ್ಜಿನಲ್ಲಿ ಟಾರ್ಕ್ (ತಿರುಗಿಸುವ ಬಲ) ಮೂರರಲ್ಲಿ ಎರಡು ಪಾಲಿಗೆ ಬರುತ್ತದೆ. "ಡ್ರೈವ್ ಹಾಕಿದ್ದೇವಲ್ಲ, ಸ್ಪೀಡ್ ಏರಿಸಿದರೆ ಪ್ರೊಡಕ್ಷನ್ ಏರುತ್ತೆ" ಅನ್ನುವವರು ಇಲ್ಲಿ ಎಡವುತ್ತಾರೆ.

ಇದು ಸಾದಾ ವಿಎಫ್‌ಡಿ. ಮೋಟರ್ ನಿಜವಾಗಿ ಎಷ್ಟು ತಿರುಗಿತು ಅನ್ನುವುದು ಅದಕ್ಕೆ ಗೊತ್ತೇ ಇಲ್ಲ. ಹೇಳಿ ಕೈತೊಳೆದುಕೊಳ್ಳುತ್ತದೆ. ವೆಕ್ಟರ್ ಕಂಟ್ರೋಲ್ ಇರುವ ಡ್ರೈವ್ ಸ್ವಲ್ಪ ಜಾಣ. ಕರೆಂಟನ್ನು ಅಳೆದು, ರೋಟರ್ ಒಳಗೆ ಏನಾಗುತ್ತಿರಬಹುದು ಎಂದು ಲೆಕ್ಕ ಹಾಕುತ್ತದೆ. ಜರ್ಮನಿಯಲ್ಲಿ 1970ರ ದಶಕದ ಆರಂಭದಲ್ಲಿ ಸೀಮೆನ್ಸಿನ ಫೆಲಿಕ್ಸ್ ಬ್ಲಾಷ್ಕೆ ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಮುಖ್ಯರು. ಅಗ್ಗದ ಮೈಕ್ರೋಪ್ರೊಸೆಸರ್ ಬಂದ ಮೇಲಷ್ಟೇ ಅದು ನಮ್ಮಂಥವರ ಪ್ಯಾನಲ್‌ವರೆಗೆ ಬಂತು.

ಸರ್ವೋ: ಬೀಸುಕಲ್ಲು ಅಲ್ಲ, ಬುಗುರಿ

ಸರ್ವೋ ಡ್ರೈವ್ ಬಿಚ್ಚಿ ನೋಡಿದರೆ ಒಳಗೆ ಎಸಿಯನ್ನು ಡಿಸಿ ಮಾಡುವ ಅದೇ ರೆಕ್ಟಿಫೈಯರ್, ಅದೇ ಡಿಸಿ ಬಸ್, ಅದೇ ಐಜಿಬಿಟಿ. ಹಾಗಾದರೆ ಇಷ್ಟು ದುಡ್ಡು ಯಾಕೆ? ಎರಡು ಕಾರಣ. ಒಂದು ಎನ್‌ಕೋಡರ್. ಇನ್ನೊಂದು ಮೋಟರ್.

ಎನ್‌ಕೋಡರ್ ಅಂದರೆ ಮೋಟರಿನ ಬೆನ್ನಿಗೆ ಕೂತಿರುವ ಕಣ್ಣು. 17 ಬಿಟ್ ಎನ್‌ಕೋಡರ್ ಒಂದು ಸುತ್ತನ್ನು 1,31,072 ಪಾಲು ಮಾಡಿ ಎಣಿಸುತ್ತದೆ. ಈಗ 23 ಬಿಟ್ ಮಾಮೂಲಿಯಾಗಿದೆ. ಅದರಲ್ಲಿ 83 ಲಕ್ಷಕ್ಕೂ ಜಾಸ್ತಿ ಪಾಲು. ಡ್ರೈವ್ ಒಳಗೆ ಒಂದರೊಳಗೊಂದು ಮೂರು ಲೂಪ್ ಓಡುತ್ತವೆ. ತೀರಾ ಒಳಗಿನದು ಕರೆಂಟ್ ಲೂಪ್, ಅಂದರೆ ಬಲ. ಅದರ ಹೊರಗೆ ವೇಗ. ಎಲ್ಲಕ್ಕೂ ಹೊರಗೆ ಜಾಗ. ಹೊರಗಿನದು "ಇನ್ನೂ ಇಷ್ಟು ದೂರ ಇದೆ" ಅನ್ನುತ್ತದೆ. ನಡುವಿನದು "ಹಾಗಾದರೆ ಇಷ್ಟು ವೇಗ ಬೇಕು" ಅನ್ನುತ್ತದೆ. ಒಳಗಿನದು ಕರೆಂಟು ತಳ್ಳುತ್ತದೆ. ಒಳಗಿನ ಲೂಪಿನ ಒಂದು ಸುತ್ತು ಮುಗಿಯಲು ನೂರು ಮೈಕ್ರೋಸೆಕೆಂಡಿನ ಆಸುಪಾಸು ಸಾಕು. ನೀವು ಶಾಫ್ಟ್ ಹಿಡಿದು ತಿರುಗಿಸಲು ಹೋದರೆ ಅದು ಎದುರು ತಳ್ಳುವುದು ಇದಕ್ಕೇ. ನಿಂತಲ್ಲೇ ಬಲ ಹಿಡಿದು ನಿಲ್ಲುವುದು ಸಾದಾ ವಿಎಫ್‌ಡಿಯ ಕೈಲಿ ಆಗದ ಕೆಲಸ.

ಆದರೆ ಎಲ್ಲರೂ ಎನ್‌ಕೋಡರ್ ಬಗ್ಗೆಯೇ ಮಾತಾಡುತ್ತಾರೆ. ಮೋಟರಿನ ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ. ಅಸಲಿ ಗುಟ್ಟು ಅಲ್ಲಿದೆ. ಹಳ್ಳಿಯಲ್ಲಿ ಬೀಸುಕಲ್ಲು ತಿರುಗಿಸಿದ್ದೀರಾ? ಹೊರಡಿಸಲು ಕಷ್ಟ, ಒಮ್ಮೆ ಓಡತೊಡಗಿದರೆ ಹಾಯಾಗಿ ಓಡುತ್ತದೆ, ನಿಲ್ಲಿಸಲು ಮತ್ತೆ ಕಷ್ಟ. ಇಂಡಕ್ಷನ್ ಮೋಟರಿನ ರೋಟರ್ ಅಂಥದ್ದು. ಒತ್ತೊತ್ತಾಗಿ ಜೋಡಿಸಿದ ತೆಳು ಉಕ್ಕಿನ ಹಾಳೆಗಳು, ಒಳಗೆ ಅಲ್ಯುಮಿನಿಯಂ ಸರಳುಗಳು. ಸರ್ವೋ ಮೋಟರಿನಲ್ಲಿ ರೋಟರಿಗೆ ನಿಯೋಡಿಮಿಯಂ ಕಾಂತಗಳನ್ನೇ ಅಂಟಿಸಿರುತ್ತಾರೆ. 1980ರ ದಶಕದಲ್ಲಿ ಬಂದ ಈ ಕಾಂತಗಳು ಎಷ್ಟು ಜೋರೆಂದರೆ ರೋಟರನ್ನು ತೆಳ್ಳಗೆ, ಉದ್ದಕ್ಕೆ ಮಾಡಿದರೂ ಬಲ ಸಿಗುತ್ತದೆ. ಅದು ಬುಗುರಿ.

ಲೆಕ್ಕ ಹಾಕಿ ನೋಡೋಣ. ಒಂದು ಫೀಡರ್ ಇದೆ ಅಂದುಕೊಳ್ಳಿ. ಪ್ರೆಸ್ಸಿಗೆ ಪ್ರತಿ ಸೆಕೆಂಡಿಗೆ 300 ಮಿಲಿಮೀಟರ್ ಪಟ್ಟಿ ತಳ್ಳಬೇಕು. ಪ್ರೆಸ್ ಮೇಲೆ ಹೋಗಿ ಬರುವ ಅರ್ಧ ಸೆಕೆಂಡಿನಲ್ಲೇ ಈ ಕೆಲಸ ಮುಗಿಯಬೇಕು. ಮೂರರಲ್ಲಿ ಒಂದು ಪಾಲು ಸಮಯ ವೇಗ ಏರಿಸಲು, ಒಂದು ಪಾಲು ಓಡಲು, ಒಂದು ಪಾಲು ಇಳಿಸಲು ಎಂದರೆ ಪಟ್ಟಿಯ ಗರಿಷ್ಠ ವೇಗ ಸೆಕೆಂಡಿಗೆ 0.9 ಮೀಟರ್. ರೋಲರ್ 100 ಮಿಲಿಮೀಟರ್ ವ್ಯಾಸದ್ದು, ಗೇರ್‌ಬಾಕ್ಸ್ ಹತ್ತಕ್ಕೆ ಒಂದು. ಆಗ ಮೋಟರ್ ಸೊನ್ನೆಯಿಂದ ಸುಮಾರು 1720 ಆರ್‌ಪಿಎಂಗೆ ಹೋಗಲು ಸಿಗುವ ಸಮಯ 0.17 ಸೆಕೆಂಡ್. ಅಷ್ಟೇ.

1.5 ಕಿಲೋವ್ಯಾಟಿನ ನಾಲ್ಕು ಪೋಲ್ ಇಂಡಕ್ಷನ್ ಮೋಟರಿನ ರೋಟರ್ ಇನರ್ಶಿಯಾ (ವೇಗ ಬದಲಿಸಲು ಎದುರೊಡ್ಡುವ ಜಡತೆ) ಸುಮಾರು 0.0035 ಕೆಜಿ ಮೀಟರ್ ಸ್ಕ್ವೇರ್. ಈ ವೇಗದಲ್ಲಿ ತನ್ನ ಮೈಯನ್ನು ತಾನೇ ಎಬ್ಬಿಸಲು ಅದಕ್ಕೆ ಸುಮಾರು 3.8 ನ್ಯೂಟನ್ ಮೀಟರ್ ಬೇಕು. ಅದರ ಒಟ್ಟು ರೇಟೆಡ್ ಟಾರ್ಕ್ 10 ನ್ಯೂಟನ್ ಮೀಟರ್. ಪಟ್ಟಿಗೆ, ರೋಲರಿಗೆ ಇನ್ನೂ ಒಂದು ಪೈಸೆಯ ಕೆಲಸ ಆಗಿಲ್ಲ, ಮೂರನೇ ಒಂದು ಪಾಲಿಗಿಂತ ಜಾಸ್ತಿ ಬಲ ಖಾಲಿ! ಅದೇ ಕಿಲೋವ್ಯಾಟಿನ ಲೋ ಇನರ್ಶಿಯಾ ಸರ್ವೋ ಮೋಟರಿನಲ್ಲಿ ಈ ಅಂಕಿ ಹತ್ತನೇ ಒಂದರಷ್ಟು, ಸುಮಾರು 0.3 ನ್ಯೂಟನ್ ಮೀಟರ್. ಮೇಲಾಗಿ ಸರ್ವೋ ಮೋಟರ್ ಒಂದೆರಡು ಸೆಕೆಂಡಿನ ಮಟ್ಟಿಗೆ ತನ್ನ ರೇಟೆಡ್ ಟಾರ್ಕಿನ ಮೂರು ಪಟ್ಟು ಕೊಡಬಲ್ಲದು. ಹೆವಿ ಡ್ಯೂಟಿ ವಿಎಫ್‌ಡಿ ಸಾಮಾನ್ಯವಾಗಿ ಕೊಡುವುದು ಒಂದೂವರೆ ಪಟ್ಟು, ಅದೂ ಒಂದು ನಿಮಿಷ.

"ದೊಡ್ಡ ಮೋಟರ್ ಹಾಕಿದರಾಯ್ತಲ್ಲ" ಅನ್ನಬಹುದು. ದೊಡ್ಡ ಮೋಟರಿಗೆ ದೊಡ್ಡ ರೋಟರ್. ಬಲವೂ ಏರುತ್ತದೆ, ಎಬ್ಬಿಸಬೇಕಾದ ಮೈಯೂ ಏರುತ್ತದೆ. ಇನ್ನು ನಿಲ್ಲಿಸುವಾಗ ಮೋಟರೇ ಜನರೇಟರ್ ಆಗಿ ಕರೆಂಟನ್ನು ಹಿಂದಕ್ಕೆ ತಳ್ಳುತ್ತದೆ. ಡಿಸಿ ಬಸ್ 800 ವೋಲ್ಟಿನ ಹತ್ತಿರ ಹೋದರೆ ಡ್ರೈವ್ ಓವರ್‌ವೋಲ್ಟೇಜ್ ಎಂದು ಟ್ರಿಪ್ ಆಗುತ್ತದೆ. ಬ್ರೇಕ್ ರೆಸಿಸ್ಟರ್ ಹಾಕಬೇಕು. ಅದು ದಿನವಿಡೀ ಕೆಂಡದ ಹಾಗೆ ಕಾದು ಕೂತಿರುತ್ತದೆ. ಗರಗಸದ ಹಲ್ಲಿನಂಥ ಗೆರೆ ಬಂದರೆ ನಾನು ಸರ್ವೋ ಅನ್ನುವುದು ಈ ಕಾರಣಕ್ಕೆ.

ನಾನು ಎಡವಿದ ಮೇಜು

ಮೊದಮೊದಲು ನಾನೂ ದುಡ್ಡು ಉಳಿಸುವ ಉತ್ಸಾಹದಲ್ಲಿದ್ದೆ. ಎಂಟು ಸ್ಟೇಶನ್ನಿನ ಒಂದು ಡ್ರಿಲ್ಲಿಂಗ್ ಟೇಬಲ್. ಪ್ರತಿ ಸಲ 45 ಡಿಗ್ರಿ ತಿರುಗಿ ನಿಲ್ಲಬೇಕು. ನಾನು ವಿಎಫ್‌ಡಿ, ಗೇರ್ಡ್ ಮೋಟರ್, ಒಂದು ಪ್ರಾಕ್ಸಿಮಿಟಿ ಸೆನ್ಸರ್, ಒಂದು ಬ್ರೇಕ್ ಹಾಕಿ ಕೊಟ್ಟೆ. ಟ್ರಯಲ್ ಚೆನ್ನಾಗಿಯೇ ಆಯಿತು, ಏಕೆಂದರೆ ಟ್ರಯಲ್ ಮಾಡಿದ್ದು ಮಧ್ಯಾಹ್ನ. ಜನವರಿಯ ಪುಣೆಯ ಬೆಳಗ್ಗೆ ಎಂಟಕ್ಕೆ ಅದೇ ಟೇಬಲ್ ಬೇರೆ ಕಡೆ ನಿಂತಿತು. ಗೇರ್‌ಬಾಕ್ಸಿನ ಎಣ್ಣೆ ಚಳಿಗೆ ಗಟ್ಟಿಯಾಗಿತ್ತು. ಆಪರೇಟರ್ ಸೆನ್ಸರನ್ನು ಸ್ವಲ್ಪ ಸರಿಸಿದ. ಮಧ್ಯಾಹ್ನ ಎಣ್ಣೆ ತೆಳುವಾಯಿತು, ಮತ್ತೆ ಸರಿಸಿದ. ಇದೇ ದಿನಚರಿಯಾಯಿತು.

ಇದರಲ್ಲಿ ಎಣ್ಣೆಯದೊಂದೇ ತಪ್ಪಿಲ್ಲ. ಪಿಎಲ್‌ಸಿ (ಮಶೀನನ್ನು ನಡೆಸುವ ಸಣ್ಣ ಕಂಪ್ಯೂಟರ್) ಸೆನ್ಸರನ್ನು ಸತತವಾಗಿ ನೋಡುತ್ತಾ ಕೂರುವುದಿಲ್ಲ. ಒಂದು ಸ್ಕ್ಯಾನ್ 10 ಮಿಲಿಸೆಕೆಂಡ್ ಅಂದುಕೊಂಡರೆ, ಸೆಕೆಂಡಿಗೆ ಅರ್ಧ ಮೀಟರ್ ವೇಗದಲ್ಲಿ ಅಷ್ಟರೊಳಗೆ 5 ಮಿಲಿಮೀಟರ್ ದಾಟಿ ಹೋಗಿರುತ್ತದೆ. ಒಮ್ಮೆ ಸ್ಕ್ಯಾನಿನ ಶುರುವಿಗೆ ಸಿಗ್ನಲ್ ಸಿಗುತ್ತದೆ, ಒಮ್ಮೆ ಕೊನೆಗೆ. ಆ 5 ಮಿಲಿಮೀಟರ್ ಪ್ರತಿ ಸಲ ಬೇರೆ ಬೇರೆ. ಅದರ ಮೇಲೆ ವೇಗ ಇಳಿಯುವ ದೂರ, ಅದು ಲೋಡಿನ ಪ್ರಕಾರ ಬದಲಾಗುತ್ತದೆ. ಅದರ ಮೇಲೆ ಬ್ರೇಕ್ ಲೈನಿಂಗ್ ಸವೆತ. ಯಾವ ಪ್ಯಾರಾಮೀಟರ್ ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ಕೊನೆಗೆ ಟೇಬಲ್ಲಿಗೆ ಒಂದು ಲಾಕಿಂಗ್ ಪಿನ್ ಹಾಕಿ ಕುಂಟಿಸುತ್ತಾ ಓಡಿಸಿದೆವು, ಆಮೇಲೆ ಸರ್ವೋಗೆ ಹೋದೆವು.

ಈಗ ಅಂಥ ಟೇಬಲ್ ಬಂದರೆ ನಾನು ಮೂರನೆಯ ದಾರಿಯನ್ನೂ ಹೇಳುತ್ತೇನೆ. ಸ್ಟೇಶನ್ ಎಂಟೇ, ಎಂದೂ ಬದಲಾಗುವುದಿಲ್ಲ ಎಂದಾದರೆ ಕ್ಯಾಮ್ ಇಂಡೆಕ್ಸರ್ ತಗೊಳ್ಳಿ. ಮೋಟರ್ ಒಂದೇ ಸಮನೆ ತಿರುಗುತ್ತಿರುತ್ತದೆ, ಒಳಗಿನ ಕ್ಯಾಮ್ ಟೇಬಲ್ಲನ್ನು ತಿರುಗಿಸಿ ನಿಲ್ಲಿಸುತ್ತದೆ. ಎಲ್ಲಿ ನಿಲ್ಲಬೇಕು ಅನ್ನುವುದು ಉಕ್ಕಿನಲ್ಲೇ ಬರೆದಿರುತ್ತದೆ. ಅದರ ಮೋಟರಿಗೆ ಸಾದಾ ವಿಎಫ್‌ಡಿ ಧಾರಾಳ. ಇವತ್ತು ಎಂಟು, ನಾಳೆ ಆರು ಬೇಕು ಅನ್ನುವವರಿಗೆ ಮಾತ್ರ ಸರ್ವೋ.

ತಿರುಗುಮುರುಗಾದ ತಪ್ಪೂ ನೋಡಿದ್ದೇನೆ. ಬ್ಯಾಕ್‌ಲ್ಯಾಶ್ (ಸಡಿಲು) ತುಂಬಿದ ಹಳೇ ಸ್ಕ್ರೂಗೆ ಹೊಸ ಸರ್ವೋ. ಲೆಕ್ಕಕ್ಕೆ, 10 ಮಿಲಿಮೀಟರ್ ಪಿಚ್ ಸ್ಕ್ರೂನಲ್ಲಿ 17 ಬಿಟ್ ಎನ್‌ಕೋಡರಿನ ಒಂದು ಪಾಲು ಅಂದರೆ ಕೂದಲಿನ ದಪ್ಪದ ಸಾವಿರದಲ್ಲಿ ಒಂದು ಭಾಗದಷ್ಟು. ಸ್ಕ್ರೂ ಮಾತ್ರ ನಟ್ಟಿನಲ್ಲಿ ಲೊಡಲೊಡ ಅನ್ನುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ. ಮೋಟರಿನ ಶಾಫ್ಟ್ ಎಲ್ಲಿದೆ ಅನ್ನುವುದಷ್ಟೇ ಎನ್‌ಕೋಡರಿಗೆ ಗೊತ್ತು, ಟೂಲ್ ಎಲ್ಲಿದೆ ಅನ್ನುವುದಲ್ಲ. ಸಡಿಲ ಬೆಲ್ಟಿಗೆ, ಬಹಳ ಭಾರದ ಲೋಡಿಗೆ ಸರ್ವೋ ಕಟ್ಟಿದರೆ ಅದು ಹಂಟಿಂಗ್ ಶುರು ಮಾಡುತ್ತದೆ. ಮುಂದೆ ಹೋಯಿತು, ಹಿಂದೆ ಬಂತು, ಮತ್ತೆ ಮುಂದೆ. ಗುಂಯ್ ಎಂದು ಒಂದು ಸದ್ದು. ಗೇನ್ (ತಪ್ಪಿಗೆ ಡ್ರೈವ್ ಎಷ್ಟು ಜೋರಾಗಿ ಸ್ಪಂದಿಸಬೇಕು ಅನ್ನುವ ಅಳತೆ) ಇಳಿಸಿ ಸದ್ದು ನಿಲ್ಲಿಸಬಹುದು, ಆದರೆ ಆಗ ನೀವು ದುಡ್ಡು ಕೊಟ್ಟು ತಂದ ಚುರುಕುತನವೂ ಹೋಯಿತು.

ಗೆರೆ ಗೊಂದಲವಾಗಿದ್ದರೆ

ಲಿಫ್ಟ್ ನೋಡಿ. ಮಹಡಿಗೆ ಸಮನಾಗಿ, ಕಾಲು ಎಡವದ ಹಾಗೆ ನಿಲ್ಲಬೇಕು. ಆದರೂ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿರುವುದು ವಿಎಫ್‌ಡಿ ಜಾತಿಯ ಡ್ರೈವ್. ಹೇಗೆ ಸಾಧ್ಯ? ಅದಕ್ಕೆ ಸಮಯ ಇದೆ. ಮಹಡಿ ಹತ್ತಿರ ಬಂದಾಗ ಆಮೆ ವೇಗಕ್ಕಿಳಿದು ನಿಧಾನಕ್ಕೆ ಸೇರಿಕೊಳ್ಳುತ್ತದೆ, ಒಳ್ಳೆಯ ಲಿಫ್ಟುಗಳಲ್ಲಿ ಎನ್‌ಕೋಡರೂ ಇರುತ್ತದೆ. ನಿಂತ ಮೇಲೆ ಹಿಡಿಯುವುದು ಮೆಕ್ಯಾನಿಕಲ್ ಬ್ರೇಕ್. ನಿಖರವಾಗಿ ನಿಲ್ಲಬೇಕು ಅಂದ ಮಾತ್ರಕ್ಕೆ ಸರ್ವೋ ಬೇಕೆಂದಿಲ್ಲ. ನಿಖರವಾಗಿ ನಿಲ್ಲಬೇಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ ಅಂದರೆ ಬೇಕು.

ಇನ್ನೊಂದು ಕಡೆ ಇಂಜೆಕ್ಷನ್ ಮೋಲ್ಡಿಂಗ್ ಮಶೀನು. ಅಲ್ಲಿ ಹೈಡ್ರಾಲಿಕ್ ಪಂಪಿಗೇ ಸರ್ವೋ ಮೋಟರ್ ಕಟ್ಟುತ್ತಾರೆ. "ಪಂಪ್ ಅಂದರೆ ವಿಎಫ್‌ಡಿ" ಎಂದು ಪಾಠ ಒಪ್ಪಿಸುವವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಹಾಳೆ ಮೇಲೆ ಗೆರೆ ಎಳೆದು ನೋಡಿ. ಮೋಲ್ಡ್ ಮುಚ್ಚುವಾಗ ಎಣ್ಣೆ ಜೋರಾಗಿ ಬೇಕು, ಪ್ಲಾಸ್ಟಿಕ್ ತಳ್ಳುವಾಗ ಒತ್ತಡ ಬೇಕು, ತಣಿಯುವಾಗ ಹೆಚ್ಚುಕಡಿಮೆ ಏನೂ ಬೇಡ. ಪ್ರತಿ ಪೀಸಿಗೂ ಇದೇ ಏರಿಳಿತ. ಮತ್ತೆ ಗರಗಸದ ಹಲ್ಲು. ತಣಿಯುವ ಹೊತ್ತಿನಲ್ಲಿ ಮೋಟರ್ ಬಹುತೇಕ ನಿಂತೇ ಬಿಡುವುದರಿಂದ ಕರೆಂಟ್ ಬಿಲ್ಲೂ ಇಳಿಯುತ್ತದೆ.

ಭೋಸರಿಯ ಜಾಬ್‌ವರ್ಕ್ ಶೆಡ್ಡುಗಳಲ್ಲಿ ಕಾಣುವ ವಿಎಂಸಿಯಲ್ಲಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಶೀನಿನಲ್ಲಿ) ಎಲ್ಲವೂ ಒಂದೇ ಕ್ಯಾಬಿನೆಟ್ಟಿನಲ್ಲಿ ಸಿಗುತ್ತವೆ. ಮೂರು ಅಕ್ಷಗಳಿಗೆ ಸರ್ವೋ. ಟೂಲ್ ಹಿಡಿದು ತಿರುಗುವ ಸ್ಪಿಂಡಲ್ ಬಹಳ ಹೊತ್ತು ಒಂದೇ ವೇಗದಲ್ಲಿ ತಿರುಗುವುದರಿಂದ ಅದಕ್ಕೆ ಇಂಡಕ್ಷನ್ ಮೋಟರೂ ನಡೆಯುತ್ತದೆ, ವೆಕ್ಟರ್ ಡ್ರೈವಿನ ಜೊತೆ. ಆದರೆ ರಿಜಿಡ್ ಟ್ಯಾಪಿಂಗ್ (ತೂತಿನೊಳಗೆ ಥ್ರೆಡ್ ಕೊರೆಯುವುದು) ಮಾಡಬೇಕೆಂದರೆ ಸ್ಪಿಂಡಲ್ ಒಂದು ಸುತ್ತು ತಿರುಗಿದಾಗ ಝಡ್ ಅಕ್ಷ ಸರಿಯಾಗಿ ಒಂದು ಪಿಚ್ ಇಳಿಯಬೇಕು. ಆಗ ಸ್ಪಿಂಡಲಿಗೂ ಎನ್‌ಕೋಡರ್ ಬೇಕಾಗುತ್ತದೆ, ಇಲ್ಲದಿದ್ದರೆ ಟ್ಯಾಪ್ ಮುರಿಯುತ್ತದೆ. ಕೂಲಂಟ್ ಪಂಪಿಗೆ ಡ್ರೈವೇ ಇರುವುದಿಲ್ಲ, ಆನ್-ಆಫ್ ಮಾಡುವ ಒಂದು ಕಾಂಟ್ಯಾಕ್ಟರ್ ಅಷ್ಟೇ.

ಫ್ಯಾನು, ಬ್ಲೋವರಿಗೆ ವಿಎಫ್‌ಡಿ ಕೊಡುವ ಉಳಿತಾಯ ದೊಡ್ಡದು. ವೇಗ 80 ಶೇಕಡಾಕ್ಕೆ ಇಳಿಸಿದರೆ ಬೇಕಾಗುವ ಪವರ್ 51 ಶೇಕಡಾದಷ್ಟು, ಏಕೆಂದರೆ ಪವರ್ ವೇಗದ ಘನದಂತೆ ಇಳಿಯುತ್ತದೆ. ಅಲ್ಲಿ ಸರ್ವೋ ಹಾಕುವುದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಆದರೆ ಸೊಸೈಟಿಯ ಮೇಲಿನ ಟ್ಯಾಂಕಿಗೆ ನೀರೆತ್ತುವ ಪಂಪಿಗೆ ಈ ಲೆಕ್ಕ ಹೇಳಿ ಡ್ರೈವ್ ಮಾರುವವರನ್ನು ನಂಬಬೇಡಿ. ಹನ್ನೆರಡು ಮಹಡಿಯ ಎತ್ತರ ವೇಗ ಇಳಿಸಿದರೆ ಕಡಿಮೆಯಾಗುವುದಿಲ್ಲ. ಒಂದು ಹಂತಕ್ಕಿಂತ ನಿಧಾನ ಮಾಡಿದರೆ ಪಂಪ್ ತಿರುಗುತ್ತದೆ, ನೀರು ಮೇಲೇರುವುದಿಲ್ಲ.

ಕೆಟ್ಟಾಗ ಯಾರು ಬರುತ್ತಾರೆ

ಕೊಳ್ಳುವಾಗ ಸರ್ವೋ ಸೆಟ್ಟಿಗೆ ಅದೇ ಕಿಲೋವ್ಯಾಟಿನ ವಿಎಫ್‌ಡಿ ಮತ್ತು ಮೋಟರಿನ ಎರಡು ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ ಬೀಳುತ್ತದೆ. ನನಗೆ ಅದಕ್ಕಿಂತ ದೊಡ್ಡ ಪ್ರಶ್ನೆ ರಾತ್ರಿ ಹತ್ತಕ್ಕೆ ಮಶೀನು ನಿಂತಾಗ ಏನು ಅನ್ನುವುದು. ಇಂಡಕ್ಷನ್ ಮೋಟರ್ ಸುಟ್ಟರೆ ಇಲ್ಲಿ ವೈಂಡಿಂಗ್ ಮಾಡುವವರು ಬೇಕಾದಷ್ಟು. ಬೆಳಗಾಗುವಷ್ಟರಲ್ಲಿ ಕಟ್ಟಿ ಕೊಡುತ್ತಾರೆ. ವಿಎಫ್‌ಡಿ ಹೋದರೆ ಬೇರೆ ಕಂಪನಿಯದು ತಂದು ನೇಮ್‌ಪ್ಲೇಟ್ ಅಂಕಿ ಹಾಕಿ ಓಡಿಸಬಹುದು. ಸರ್ವೋ ಹಾಗಲ್ಲ. ಮೋಟರ್, ಡ್ರೈವ್, ಎನ್‌ಕೋಡರ್ ಕೇಬಲ್ ಮೂರೂ ಸಾಮಾನ್ಯವಾಗಿ ಒಂದೇ ಮನೆಯವು. ಮೋಟರ್ ಬಿಚ್ಚಿದರೆ ಎನ್‌ಕೋಡರಿನ ಜೋಡಣೆ ತಪ್ಪುತ್ತದೆ. ಸ್ಪೇರ್ ಇಲ್ಲದಿದ್ದರೆ ಕಾಯಬೇಕು.

ಇನ್ನೊಂದು, ಶುಕ್ರವಾರ ಬೆಳಗಿನ ಕಾಯಿಲೆ. ಅನೇಕ ಆಬ್ಸಲ್ಯೂಟ್ ಎನ್‌ಕೋಡರುಗಳು ಸುತ್ತುಗಳ ಲೆಕ್ಕವನ್ನು ಒಂದು ಸಣ್ಣ ಬ್ಯಾಟರಿಯ ಬಲದಿಂದ ನೆನಪಿಟ್ಟುಕೊಳ್ಳುತ್ತವೆ. ಬ್ಯಾಟರಿ ವೀಕ್ ಎಂದು ಡ್ರೈವ್ ತಿಂಗಳಿಂದ ಹೇಳುತ್ತಲೇ ಇರುತ್ತದೆ, ಯಾರೂ ಓದಿರುವುದಿಲ್ಲ. ಗುರುವಾರದ ಸೂಟಿಗೆ ಮೇನ್ ಆಫ್ ಆಗುತ್ತದೆ. ಶುಕ್ರವಾರ ಹೋಮ್ ಪೊಸಿಶನ್ ಎಲ್ಲಿತ್ತು ಅನ್ನುವುದೇ ಮಶೀನಿಗೆ ಮರೆತುಹೋಗಿರುತ್ತದೆ. ಬ್ಯಾಟರಿ ಬದಲಿಸುವಾಗ ಡ್ರೈವಿನ ಕಂಟ್ರೋಲ್ ಪವರ್ ಆನ್ ಇರಲಿ. ಇದನ್ನು ಪ್ಯಾನಲ್ ಬಾಗಿಲಿನ ಮೇಲೆ ಬರೆದು ಅಂಟಿಸಿ.

ವಿಎಫ್‌ಡಿಗೂ ಅದರದೇ ರಗಳೆಗಳಿವೆ. ಮೋಟರಿನ ಫ್ಯಾನ್ ಅದರ ಶಾಫ್ಟಿಗೇ ಕಟ್ಟಿರುತ್ತದೆ. 10 ಹರ್ಟ್ಜಿನಲ್ಲಿ ಪೂರ್ತಿ ಲೋಡ್ ಎಳೆಸಿದರೆ ಗಾಳಿಯೇ ಸಾಕಾಗದೆ ಮೋಟರ್ ಬಿಸಿಯಾಗುತ್ತದೆ. ಬೇರೆ ಫ್ಯಾನ್ ಹಾಕಬೇಕು. ಕೇಬಲ್ ಬಹಳ ಉದ್ದವಾದರೆ ಮೋಟರಿನ ತುದಿಯಲ್ಲಿ ವೋಲ್ಟೇಜ್ ಅಲೆ ತಿರುಗಿ ಬಡಿದು, ಡಿಸಿ ಬಸ್ಸಿನ ಎರಡು ಪಟ್ಟಿನವರೆಗೂ ಹೋಗಬಹುದು. ಹಳೇ ವೈಂಡಿಂಗ್ ಅದನ್ನು ತಾಳುವುದಿಲ್ಲ.

ಹೋದ ಗುರುವಾರ ಅಫಜಲಪುರ ಕಡೆಯವರೊಬ್ಬರು ಡೆಲಿವರಿ ಚಲನ್ನಿನ ಹಿಂಬದಿಗೆ ಗೆರೆ ಎಳೆದು ಕಳಿಸಿದ್ದರು. ಚಟ್ನಿಪುಡಿ ಪ್ಯಾಕಿಂಗ್ ಮಶೀನು. ಫಿಲ್ಮ್ ಎಳೆಯುವ ರೋಲರ್ ನಿಮಿಷಕ್ಕೆ 60 ಸಲ ಹೊರಟು ನಿಲ್ಲುತ್ತದೆ, ಮೇಲೆ ಪ್ರಿಂಟಿನ ಗುರುತೂ ಇದೆ. ಪುಡಿ ಸುರಿಯುವ ಆಗರ್ ಸ್ಕ್ರೂ ಪ್ರತಿ ಪೌಚಿಗೂ ಎಣಿಸಿದಷ್ಟೇ ಸುತ್ತು ತಿರುಗಬೇಕು. ಹೊರಗೆ ಸಾಗಿಸುವ ಕನ್ವೇಯರ್ ಒಂದೇ ಸಮನೆ ಓಡುತ್ತದೆ. ಮೊದಲ ಎರಡಕ್ಕೆ ಸರ್ವೋ, ಕನ್ವೇಯರಿಗೆ ವಿಎಫ್‌ಡಿ ಎಂದು ಬರೆದೆ. ಚಲನ್ನಿನ ಮೂಲೆಯಲ್ಲಿ ಧೂಳು ಎಳೆಯುವ ಫ್ಯಾನಿನದೂ ಒಂದು ಸಪಾಟು ಗೆರೆ ಇತ್ತು, ಶುರುವಿನಿಂದ ಕೊನೆಯವರೆಗೆ ಅಲುಗಾಡದ್ದು. "ಇದಕ್ಕೆ ಯಾವ ಡ್ರೈವ್ ಸರ್?" ಎಂದು ಕೇಳಿದ್ದರು.

"ವೇಗ ಬದಲಿಸೋದೇ ಇಲ್ಲ, ಯಾವುದೂ ಬೇಡ, ಸ್ಟಾರ್ಟರ್ ಹಾಕ್ರಿ" ಎಂದು ಕಳಿಸಿದೆ.